ಕಾಮದ ಗೀಳು: ನಾಚಿಕೆಯಿಂದ ಚಿಕಿತ್ಸೆಯ ಕಡೆಗೆ

ಆಂಧ್ರದ ಗಡಿಯ ಆದವಾನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದ ಸೀಮೆಯಲ್ಲಿ ಚಟಗಳ ಮಾತು ಹೊಸದಲ್ಲ. ಕುಡಿತದಿಂದ ಹೊಲ ಮಾರಿದವರು, ಮಟ್ಕಾದಿಂದ ಮನೆ ಕಳೆದುಕೊಂಡವರು ಯಾರು ಯಾರೆಂದು ಊರ ಕಟ್ಟೆಯ ಮೇಲೆ ಕೂತು ಹೆಸರು ಹಿಡಿದು ಹೇಳುತ್ತೇವೆ. ಅವರನ್ನು ಬೈಯುತ್ತೇವೆ, ಕನಿಕರವನ್ನೂ ತೋರುತ್ತೇವೆ, ಬಿಡಿಸುವ ಔಷಧಿ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಡುತ್ತೇವೆ. ಆದರೆ ಕಾಮದ ಮೇಲೆ ಹಿಡಿತ ತಪ್ಪಿದವನ ವಿಷಯ ಬಂದರೆ ಮಾತು ಪೋಲಿ ನಗೆಗೆ ತಿರುಗುತ್ತದೆ, ಇಲ್ಲವೇ ಅಲ್ಲಿಗೇ ನಿಂತುಬಿಡುತ್ತದೆ. ಅವನೂ ಬಾಯಿ ಬಿಡುವುದಿಲ್ಲ, ಅವನ ಹೆಂಡತಿಯಂತೂ ತವರಿನಲ್ಲೂ ಬಾಯಿ ಬಿಡುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಸಾಧಿಸಹೊರಟಿರುವುದು ಒಂದೇ ವಿಷಯ. ಈ ರೋಗಕ್ಕೆ ನಾವು ಔಷಧಿಯೆಂದು ಕೊಡುತ್ತ ಬಂದಿರುವ ನಾಚಿಕೆ ಔಷಧಿಯಲ್ಲ. ಅದು ಆರೋಗ್ಯವಂತನಿಗೆ ತಾನು ರೋಗಿಯೆಂಬ ಭ್ರಮೆ ಹುಟ್ಟಿಸುತ್ತದೆ, ನಿಜವಾದ ರೋಗಿಯನ್ನು ವೈದ್ಯರ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ.

ಮೊದಲು ರೋಗ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಪರಿಷ್ಕರಣೆ 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಮೊದಲ ಬಾರಿಗೆ ಇದಕ್ಕೆ ಸ್ಪಷ್ಟವಾದ ಸ್ಥಾನ ಸಿಕ್ಕಿದೆ. ತೀವ್ರವಾದ ಕಾಮದ ಒತ್ತಡವನ್ನು ತಡೆಯಲಾಗದ ಸ್ಥಿತಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದಿರಬೇಕು. ಅದರಿಂದ ಬದುಕಿಗೆ ಗಣನೀಯವಾದ ಪೆಟ್ಟು ಬಿದ್ದಿರಬೇಕು, ಇಲ್ಲವೇ ಮನಸ್ಸಿಗೆ ತೀವ್ರ ಯಾತನೆಯಾಗಿರಬೇಕು. ಊಟ, ನಿದ್ದೆ, ದುಡಿಮೆ, ಮಕ್ಕಳು ಎಲ್ಲವೂ ಹಿಂದೆ ಬಿದ್ದು ಅದೊಂದೇ ಬದುಕಿನ ನಡುವೆ ಬಂದು ಕೂತಿರುತ್ತದೆ. ಬಿಡಲು ಎಷ್ಟೋ ಸಲ ಪ್ರಯತ್ನಪಟ್ಟು ಸೋತಿರುತ್ತಾನೆ. ನಷ್ಟ ಕಣ್ಣೆದುರಿಗಿದ್ದರೂ ನಿಲ್ಲಿಸಲಾಗುವುದಿಲ್ಲ. ಅದರಿಂದ ಸುಖ ಸಿಗುವುದು ನಿಂತುಹೋದ ಮೇಲೂ ಬಿಡಲಾಗುವುದಿಲ್ಲ ಎಂಬ ಲಕ್ಷಣವನ್ನೂ ವೈದ್ಯರು ಅಲ್ಲಿ ಸೇರಿಸಿದ್ದಾರೆ. ಇದು ಸುಖಲೋಲುಪರ ಕಾಯಿಲೆ ಎಂದು ನಂಬಿದವರು ಈ ಲಕ್ಷಣವನ್ನು ಇನ್ನೊಮ್ಮೆ ಓದಬೇಕು. ಅದೇ ವಿವರಣೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ತಾನು ಮಾಡುತ್ತಿರುವುದು ಪಾಪವೆಂಬ ನೈತಿಕ ಅಳುಕಿನಿಂದಷ್ಟೇ ಒಬ್ಬನಿಗೆ ಸಂಕಟವಾಗುತ್ತಿದ್ದರೆ, ಅಷ್ಟಕ್ಕೆ ಅವನನ್ನು ರೋಗಿ ಎನ್ನುವಂತಿಲ್ಲ.

ನಮ್ಮ ಕಡೆ ಈ ಎಚ್ಚರಿಕೆ ಎಷ್ಟು ಬೇಕಾಗಿದೆ ಎಂಬುದಕ್ಕೆ ಬಸ್ ನಿಲ್ದಾಣದ ಹಿಂದಿನ ಗೋಡೆಗಳೇ ಸಾಕ್ಷಿ. 'ಗುಪ್ತರೋಗ', 'ನರ ದೌರ್ಬಲ್ಯ', 'ಬಾಲ್ಯದ ತಪ್ಪುಗಳಿಗೆ ಗ್ಯಾರಂಟಿ ಚಿಕಿತ್ಸೆ' ಎಂದು ಕೆಂಪು ಅಕ್ಷರದಲ್ಲಿ ಬರೆದು, ಕೆಳಗೆ ಲಾಡ್ಜಿನ ಹೆಸರು, ವೈದ್ಯರು ಬರುವ ವಾರ. ಹದಿನೆಂಟು ವರ್ಷದ ಹುಡುಗ ಸ್ವಪ್ನಸ್ಖಲನವನ್ನೋ ಹಸ್ತಮೈಥುನವನ್ನೋ ರೋಗವೆಂದು ತಿಳಿದು ಅಲ್ಲಿಗೆ ಹೋಗುತ್ತಾನೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ ಅವನ ತಲೆಯಲ್ಲಿ ಮೊದಲೇ ಕೂತಿರುತ್ತದೆ. ಸುಸ್ತು, ಬೆನ್ನುನೋವು, ಮರೆವು ಎಲ್ಲದಕ್ಕೂ ಅದೇ ಕಾರಣವೆಂದು ಅವನೇ ತೀರ್ಮಾನಿಸಿರುತ್ತಾನೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದನ್ನು 'ಧಾತ್ ಸಿಂಡ್ರೋಮ್' ಎಂದು ಕರೆದರು. ಅಲ್ಲಿ ನರಳಿಕೆ ನಿಜ. ಆದರೆ ಅದರ ಬೇರು ದೇಹದಲ್ಲಿಲ್ಲ, ಭಯದಲ್ಲಿದೆ. ಇದು ನಮ್ಮ ದೇಶದ ಅಜ್ಞಾನ ಮಾತ್ರವೆಂದು ಯಾರೂ ತಿಳಿಯಬೇಕಿಲ್ಲ. 18ನೆಯ ಶತಮಾನದಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯ ಟಿಸ್ಸೊ ಇದೇ ಭಯವನ್ನು ಪುಸ್ತಕವಾಗಿ ಬರೆದು ಯುರೋಪಿನ ಒಂದೆರಡು ತಲೆಮಾರುಗಳನ್ನೇ ನಡುಗಿಸಿದ್ದ. ಕಾಮಶಕ್ತಿಯನ್ನು ಹೆಚ್ಚಿಸುತ್ತೇವೆಂಬ ಔಷಧಿಗಳ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ. ಕಾಯಿದೆಗೆ ಎಪ್ಪತ್ತು ವರ್ಷವಾಯಿತು, ಗೋಡೆಯ ಬರಹ ಇನ್ನೂ ಅಳಿಸಿಲ್ಲ. ನಾಚಿಕೆ ಇರುವ ತನಕ ಆ ಬರಹಕ್ಕೆ ಗಿರಾಕಿ ಇದ್ದೇ ಇರುತ್ತಾರೆ. ಮೋಸಹೋದವನು ಯಾವ ಮುಖ ಹೊತ್ತು ಪೊಲೀಸ್ ಠಾಣೆಗೆ ಹೋಗಬೇಕು?

ಹಾಗಾದರೆ ಇದೆಲ್ಲ ಬರೀ ಭಯದ ಸೃಷ್ಟಿಯೇ, ಗೀಳು ಎಂಬುದೇ ಇಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಆಧಾರ ಸಾಲದೆಂದು ಇದನ್ನು ಹೊರಗಿಟ್ಟಿತು. ಮರುವರ್ಷ ಕೇಂಬ್ರಿಜ್‌ನ ಸಂಶೋಧಕರು ಹತ್ತೊಂಬತ್ತು ಪೀಡಿತ ಗಂಡಸರ ಮಿದುಳಿನ ಚಿತ್ರ ತೆಗೆದು, ಮಾದಕ ವಸ್ತುವಿನ ಚಟದಲ್ಲಿ ಚುರುಕಾಗುವ ಭಾಗಗಳೇ ಇಲ್ಲೂ ಚುರುಕಾಗುತ್ತವೆಂದು ತೋರಿಸಿದರು. ಅದಕ್ಕೆ ವ್ಯತಿರಿಕ್ತವಾದ ಫಲಿತಾಂಶ ಕಂಡವರೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದನ್ನು ಕುಡಿತ, ಜೂಜುಗಳ ಗುಂಪಿಗೆ ಸೇರಿಸದೆ, ಒತ್ತಡ ತಡೆಯಲಾರದ ತೊಂದರೆಗಳ ಗುಂಪಿನಲ್ಲಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಈ ವಿವಾದ ಪಂಡಿತರಿಗೆ ಬೇಕಾದದ್ದು. ಮನೆ ಮುರಿಯುತ್ತಿರುವವನಿಗೆ ಅದರಿಂದ ಏನೂ ಬದಲಾಗುವುದಿಲ್ಲ. ಯಾವ ಗುಂಪಿನಲ್ಲಿಟ್ಟರೂ ಹಿಡಿತ ತಪ್ಪಿರುವುದು ನಿಜ, ನಷ್ಟ ನಿಜ. 42 ದೇಶಗಳ 82,000ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇ. 5ರಷ್ಟು ಮಂದಿ ಈ ತೊಂದರೆಯ ಅಪಾಯದಲ್ಲಿ ಕಂಡರು. ಅಂಥವರಲ್ಲಿ ಚಿಕಿತ್ಸೆ ಕೇಳಿ ಹೋದವರು ಶೇ. 14 ಮಾತ್ರ.

ಉಳಿದವರು ಯಾಕೆ ಹೋಗಲಿಲ್ಲ? ಕಾರಣ ಹಲವಿರಬಹುದು, ಆದರೆ ನಾಚಿಕೆಯನ್ನು ಬಿಟ್ಟು ಅದಕ್ಕೆ ಉತ್ತರ ಹೇಳಲಾಗದು. ಕನಕದಾಸರ ನಳಚರಿತ್ರೆಯನ್ನು ಕೇಳಿ ಬೆಳೆದ ನಾವು ನಳನನ್ನು ಕೆಟ್ಟವನೆನ್ನುವುದಿಲ್ಲ. ಅವನು ಜೂಜಿನಲ್ಲಿ ರಾಜ್ಯ ಕಳೆದ, ಉಟ್ಟ ಬಟ್ಟೆಯೂ ಉಳಿಯದ ಸ್ಥಿತಿಗೆ ಬಂದ, ಕೊನೆಗೆ ಕಾಡಿನಲ್ಲಿ ದಮಯಂತಿಯನ್ನೂ ಬಿಟ್ಟುಹೋದ. ಆದರೂ ಕಲಿ ಹೊಕ್ಕಿದ್ದನೆಂದು ಕ್ಷಮಿಸುತ್ತೇವೆ. ಹೊಕ್ಕ ಕಲಿ ಬೇರೆ, ನಳ ಬೇರೆ ಎಂದು ನೋಡಬಲ್ಲ ವಿವೇಕ ನಮ್ಮ ಕಥೆಗಳಲ್ಲಿದೆ. ಕಾಮದ ಗೀಳು ಹತ್ತಿದವನಿಗೆ ಆ ವಿವೇಕವನ್ನು ನಾವು ನಿರಾಕರಿಸುತ್ತೇವೆ. ಇದರ ಪರಿಣಾಮ ವಿಚಿತ್ರ. ತಪ್ಪು ಮಾಡಿದವನು ತನ್ನನ್ನೇ ಹೇಸಿಕೊಳ್ಳುತ್ತಾನೆ. ಹೇಸಿಗೆಯ ಸಂಕಟ ತಡೆಯಲಾಗದೆ ಅದನ್ನು ಮರೆಯಲು ತನಗೆ ಗೊತ್ತಿರುವ ಒಂದೇ ಉಪಾಯಕ್ಕೆ ಮತ್ತೆ ಕೈಹಾಕುತ್ತಾನೆ. ಬೈಗುಳ ಹೆಚ್ಚಾದಷ್ಟೂ ಈ ಸುತ್ತು ಬಿಗಿಯಾಗುತ್ತದೆ.

ನಮ್ಮ ಸೀಮೆಯ ಈ ಮಂಡಲಗಳಲ್ಲಿ ಈ ಸುತ್ತು ಬಿಗಿಯಾಗಲು ಇನ್ನೂ ಕೆಲವು ಸಂಗತಿಗಳು ಕೂಡಿಬಂದಿವೆ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ನೀರು ಕಾಣದ ಹೊಲಗಳು ಕೋಸಿಗಿ, ಕೌತಾಳಂ, ಪೆದ್ದಕಡಬೂರಿನಲ್ಲಿ ಬೇಕಾದಷ್ಟಿವೆ. ಸುಗ್ಗಿ ಮುಗಿದರೆ ಜನ ಮೂಟೆ ಕಟ್ಟಿಕೊಂಡು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ತಗಡಿನ ಶೆಡ್ಡು, ಹೆಂಡತಿ ಮಕ್ಕಳಿಂದ ತಿಂಗಳುಗಟ್ಟಲೆ ದೂರ, ಮೈಮುರಿಯುವ ದುಡಿಮೆ, ರಾತ್ರಿ ಕೈಯಲ್ಲಿ ಒಂದು ಮೊಬೈಲು. 2016ರ ನಂತರ ಡೇಟಾ ಅಗ್ಗವಾದ ಮೇಲೆ ಆ ಮೊಬೈಲಿನಲ್ಲಿ ಸಿಗದ್ದು ಯಾವುದೂ ಇಲ್ಲ. ವಲಸೆ ಹೋದವರೆಲ್ಲ ಗೀಳಿಗೆ ಬೀಳುತ್ತಾರೆಂದಲ್ಲ. ಹಾಗೆನ್ನುವುದು ದುಡಿಯುವ ಜನಕ್ಕೆ ಮಾಡುವ ಅವಮಾನ. ಆದರೆ ಒಂಟಿತನ, ಬೇಸರ, ದಣಿವು, ನಿದ್ದೆಗೇಡು ಇವೇ ಒತ್ತಡವನ್ನು ಕೆರಳಿಸುವ ಸಂಗತಿಗಳೆಂದು ಚಿಕಿತ್ಸಕರು ಗುರುತಿಸಿದ್ದಾರೆ, ನಾಲ್ಕೂ ಆ ಶೆಡ್ಡಿನೊಳಗೆ ಒಟ್ಟಿಗೇ ಇವೆ. ಜಾಲತಾಣಗಳನ್ನು ಮುಚ್ಚಿಬಿಟ್ಟರೆ ಸಾಕೆಂಬ ವಾದವೂ ಇದೆ. 2018ರಲ್ಲಿ ಸರ್ಕಾರ 827 ಅಶ್ಲೀಲ ತಾಣಗಳನ್ನು ಮುಚ್ಚಿಸಿತು. ಬಾಗಿಲು ಮುಚ್ಚಿದ್ದಕ್ಕೆ ಜನ ಕಿಟಕಿಯಿಂದ ಹೋದರು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ರೋಗವೆಂದರೆ ದುಷ್ಟರಿಗೆ ನೆಪ ಸಿಕ್ಕಿದಂತಾಗುವುದಿಲ್ಲವೇ? ಈ ಆಕ್ಷೇಪದ ಹಿಂದೆ ನಮ್ಮ ಸೀಮೆಯ ಇತಿಹಾಸವೇ ಇದೆ. ಗಂಡು ಸಂತಾನವಿಲ್ಲದ ಬಡ ಮನೆಯ ಹೆಣ್ಣುಮಗಳನ್ನು ದೇವರಿಗೆ ಬಿಡುವ ಬಸವಿ ಪದ್ಧತಿ ನಮ್ಮ ಸೀಮೆಯೂ ಸೇರಿದ್ದ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಎಷ್ಟು ಬೇರೂರಿತ್ತೆಂದು 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಫಾಸೆಟ್ ಬರೆದಿಟ್ಟಿದ್ದಾರೆ. 1947ರಲ್ಲಿ ಮದರಾಸು ಸರ್ಕಾರ, 1988ರಲ್ಲಿ ಆಂಧ್ರಪ್ರದೇಶ ಸರ್ಕಾರ ಇಂಥ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಆ ಹೆಣ್ಣುಮಕ್ಕಳನ್ನು ಬಳಸಿಕೊಂಡ ಉಳ್ಳವರಿಗೆ ಯಾವ ಗೀಳೂ ಇರಲಿಲ್ಲ. ಅವರ ಹಿಡಿತ ತಪ್ಪಿರಲಿಲ್ಲ; ಭೂಮಿ, ಹಣ, ಜಾತಿ ಎಲ್ಲದರ ಹಿಡಿತವೂ ಅವರ ಕೈಯಲ್ಲೇ ಇತ್ತು. ಆದ್ದರಿಂದ ಗೆರೆ ಸ್ಪಷ್ಟವಾಗಿರಲಿ. ಇನ್ನೊಬ್ಬರ ಒಪ್ಪಿಗೆಯನ್ನು ಮುರಿದವನದು ಅಪರಾಧ, ಮಕ್ಕಳ ಮೈಮುಟ್ಟಿದವನಿಗೆ 2012ರ ಪೋಕ್ಸೊ ಕಾಯಿದೆ ಇದೆ. ಗೀಳಿದೆಯೆಂದು ಅವನ ಶಿಕ್ಷೆ ತಪ್ಪಬಾರದು. ರೋಗವೆಂದು ಒಪ್ಪಿಕೊಂಡವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಚಿಕಿತ್ಸೆ ಇದೆಯೆಂದು ತಿಳಿದ ಮೇಲೂ ಪಡೆಯದೆ ಹೆಂಡತಿಯನ್ನು ನರಳಿಸುವವನಿಗೆ ನೆಪವೆಲ್ಲಿ ಉಳಿಯಿತು?

ಹೆಂಡತಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. 'ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗ್ತದೆ' ಎಂದು ಹಿರಿಯರು ಕೊಡುವ ಸಲಹೆಯಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಗೀಳು ಕಾಮದ ಕೊರತೆಯಿಂದ ಹುಟ್ಟಿದ್ದಲ್ಲ, ಮದುವೆಯಿಂದ ಅದು ತುಂಬುವುದಿಲ್ಲ. ಏನೂ ಅರಿಯದ ಹುಡುಗಿಯೊಬ್ಬಳ ಬದುಕನ್ನು ಮದ್ದಿನಂತೆ ಅರೆದು ಕುಡಿಸಿದ ಹಾಗಾಗುತ್ತದೆ, ರೋಗ ಮಾತ್ರ ಅಲ್ಲೇ ಇರುತ್ತದೆ. ಗಂಡನಿಗೆ ಹೊರಗಿನ ಸಂಬಂಧಗಳಿದ್ದರೆ ಇಬ್ಬರೂ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಅದು ಉಚಿತ. ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನೇ ಹೇಳುತ್ತದೆ.

ವ್ರತ, ದೀಕ್ಷೆಗಳಿಂದ ಮನಸ್ಸನ್ನು ಗೆಲ್ಲಬಹುದಲ್ಲ ಎಂಬ ಮಾತನ್ನು ನಾನು ಗೌರವದಿಂದ ಎತ್ತಿಕೊಳ್ಳುತ್ತೇನೆ. ಮಂತ್ರಾಲಯದ ನೆರಳಲ್ಲಿ ಬದುಕುವ, ವಿಜಯದಾಸರ ಚಿಪ್ಪಗಿರಿಯನ್ನು ಮಡಿಲಲ್ಲಿಟ್ಟುಕೊಂಡ ಸೀಮೆಯಲ್ಲಿ ಈ ಮಾತು ಬರುವುದು ಸಹಜ. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದವನನ್ನು ನೋಡಿ. ಬೆಳಗಿನ ಜಾವ ತಣ್ಣೀರ ಸ್ನಾನ, ಕಪ್ಪು ಬಟ್ಟೆ, ಎರಡು ಹೊತ್ತು ಪೂಜೆ, ಸಂಜೆ ಸನ್ನಿಧಾನದಲ್ಲಿ ಭಜನೆ, ಚಾಪೆಯ ಮೇಲೆ ನಿದ್ದೆ. ಹಳೆಯ ಸ್ನೇಹಿತರು ಕರೆಯುವುದಿಲ್ಲ, ಊರವರು 'ಸ್ವಾಮಿ' ಎಂದು ಕರೆಯುತ್ತಾರೆ. ನಲವತ್ತೊಂದು ದಿನ ಕುಡಿತವಿಲ್ಲ, ಕಾಮವಿಲ್ಲ. ಇದರಿಂದ ಇಚ್ಛಾಶಕ್ತಿಯೊಂದೇ ಸಾಕೆಂದು ಸಾಬೀತಾಗುತ್ತದೆಯೇ? ನನಗೆ ಕಾಣುವುದು ಬೇರೆ. ದಿನಚರಿ ಬದಲಾಯಿತು, ಸಂಗ ಬದಲಾಯಿತು, ಒಂಟಿಯಾಗಿ ಕಳೆಯುವ ರಾತ್ರಿ ಇಲ್ಲವಾಯಿತು, ಸಮಾಜ ಅವನನ್ನು ಗೌರವಿಸತೊಡಗಿತು. ಬೈಗುಳಕ್ಕೆ ಬಗ್ಗದವನು ಗೌರವಕ್ಕೆ ಬಗ್ಗಿದ. ಚಿಕಿತ್ಸಕರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೊರತೆ ಇರುವುದು ಮಾಲೆ ತೆಗೆದ ಮರುದಿನಕ್ಕೆ. ನಲವತ್ತೆರಡನೆಯ ದಿನ ಅದೇ ಕೋಣೆ, ಅದೇ ಮೊಬೈಲು, ಅದೇ ಸ್ನೇಹಿತರು ಕಾದಿರುತ್ತಾರೆ, ಅವನ್ನು ಎದುರಿಸಲು ಯಾವ ಸಿದ್ಧತೆಯೂ ಇರುವುದಿಲ್ಲ.

ಆ ಸಿದ್ಧತೆಯನ್ನು ಕಲಿಸುವುದೇ ಮನಶ್ಶಾಸ್ತ್ರೀಯ ಚಿಕಿತ್ಸೆ. ಮೊದಲು ವೈದ್ಯರು ಬೇರೆ ಕಾರಣಗಳನ್ನು ಪರೀಕ್ಷಿಸುತ್ತಾರೆ: ಉನ್ಮಾದದ ಕಾಯಿಲೆ, ಕುಡಿತ, ಪಾರ್ಕಿನ್ಸನ್ ರೋಗಕ್ಕೆ ಕೊಡುವ ಕೆಲವು ಔಷಧಿಗಳು ಕೂಡ ಕಾಮದ ಕಟ್ಟು ಹರಿಯುವಂತೆ ಮಾಡಬಲ್ಲವು. ಆಮೇಲೆ ಒತ್ತಡ ಯಾವ ಹೊತ್ತಿನಲ್ಲಿ, ಯಾವ ಜಗಳದ ನಂತರ, ಯಾವ ಜಾಗದಲ್ಲಿ ಏಳುತ್ತದೆಂದು ರೋಗಿಯೇ ಬರೆದಿಡುತ್ತಾನೆ. ಎದ್ದ ಒತ್ತಡ ತಾನಾಗಿ ಇಳಿಯುತ್ತದೆಂಬುದನ್ನು, ಅದರೊಡನೆ ಜಗಳಕ್ಕಿಳಿಯದೆ ಇಳಿಯುವ ತನಕ ಕಾಯುವುದನ್ನು ಕಲಿಯುತ್ತಾನೆ. ಬರೀ ಮಾತಿನಿಂದ ಏನಾದೀತೆಂಬ ಅನುಮಾನಕ್ಕೆ ಉತ್ತರವಿದೆ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಶ್ಲೀಲ ಚಿತ್ರಗಳ ಗೀಳಿನ 28 ಗಂಡಸರಲ್ಲಿ ಹನ್ನೆರಡು ಭೇಟಿಗಳ ಚಿಕಿತ್ಸೆ ಪಡೆದವರ ವೀಕ್ಷಣೆ ಶೇ. 90ಕ್ಕೂ ಹೆಚ್ಚು ಇಳಿಯಿತು. ಸ್ವೀಡನ್ನಿನಲ್ಲಿ 137 ಗಂಡಸರ ಮೇಲೆ ನಡೆದ ಗುಂಪು ಚಿಕಿತ್ಸೆಯ ಪ್ರಯೋಗವೂ ಗುಣ ಕಂಡಿತು. ಅಲ್ಲಿ ಚಿಕಿತ್ಸೆ ನಡೆದದ್ದು ಒಂಟಿಯಾಗಿ ಅಲ್ಲ, ಗುಂಪಿನಲ್ಲಿ ಎಂಬುದು ನನ್ನ ವಾದಕ್ಕೆ ಬಲ ಕೊಡುತ್ತದೆ. ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳು ಕೆಲವರಿಗೆ ನೆರವಾಗುತ್ತವೆ, ವೈದ್ಯರ ಸಲಹೆಯಿಲ್ಲದೆ ಅವನ್ನು ಮುಟ್ಟಬಾರದು. ನಡುವೆ ಜಾರಿ ಬೀಳುವುದು ಉಂಟು. ಅಷ್ಟು ದಿನದ ಶ್ರಮವೆಲ್ಲ ಹಾಳಾಯಿತೆಂದು ಕೈಬಿಡುವವನೇ ಹೆಚ್ಚು ಕೆಡುವುದು.

ಇದೆಲ್ಲ ದೊಡ್ಡ ನಗರದ ಮಾತು, ಹಾಲಹರ್ವಿಯ ರೈತನಿಗೆ ಎಟುಕುವುದೇ ಎಂಬುದು ಕೊನೆಯ ಪ್ರಶ್ನೆ. ಅದಕ್ಕೆ ಉತ್ತರ ಪಕ್ಕದ ಬಳ್ಳಾರಿಯಲ್ಲೇ ಇದೆ. ಮೊದಲು ನಾವೆಲ್ಲ ಒಂದೇ ಜಿಲ್ಲೆಯಲ್ಲಿದ್ದೆವು; 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಬಂದವು. ಅದೇ ಬಳ್ಳಾರಿಯಲ್ಲಿ 1985ರಿಂದ 1990ರ ತನಕ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಗೇ ಒಯ್ಯಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಗಡಿಯ ಆಚೆ ನಮ್ಮದೇ ಬಂಧುಗಳ ಹಳ್ಳಿಗಳಲ್ಲಿ ಸಾಧ್ಯವಾದದ್ದು ಈಚೆಗೂ ಸಾಧ್ಯ. ನಮ್ಮ ಆರೋಗ್ಯ ಕಾರ್ಯಕರ್ತೆಯರ ತರಬೇತಿಯಲ್ಲಿ ಈ ವಿಷಯಕ್ಕೂ ಒಂದು ಪಾಠ ಬೇಕು. ತೆಲುಗಿನಲ್ಲಿ ವ್ಯವಹಾರ ನಡೆಸಿದರೂ ಇಂಥ ಸಂಕಟವನ್ನು ಮನೆಮಾತಿನಲ್ಲೇ ತೋಡಿಕೊಳ್ಳುವ ಜನಕ್ಕಾಗಿ ಆದವಾನಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರಿರಬೇಕು. ಮಾನಸಿಕ ಆರೋಗ್ಯ ಸೇವೆಯನ್ನು ಕೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿದೆ. ಅಲ್ಲಿಯ ತನಕ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಹಗಲು ರಾತ್ರಿ ಎನ್ನದೆ, ದುಡ್ಡಿಲ್ಲದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಗುಂಟೂರಿನ ಶೆಡ್ಡಿನಲ್ಲಿರುವವನ ಕೈಯಲ್ಲಿ ಮೊಬೈಲು ಹೇಗೂ ಇದೆ. ಮೂಟೆ ಕಟ್ಟುವ ಮೊದಲೇ ಈ ಸಂಖ್ಯೆಯನ್ನು ಅವನಿಗೆ ತಲುಪಿಸುವ ಕೆಲಸವನ್ನು ಮೇಸ್ತ್ರಿಗಳು, ಶಾಲೆಯ ಮೇಷ್ಟ್ರುಗಳು, ಪಂಚಾಯಿತಿಯವರು ಈ ವರ್ಷದ ವಲಸೆ ಶುರುವಾಗುವ ಮುನ್ನವೇ ಕೈಗೆತ್ತಿಕೊಳ್ಳಲೆಂದು ಕೇಳುತ್ತೇನೆ.