ಅಚ್ಚಿನ ಚಲನ್ ಮತ್ತು ಬಿಳಿಯ ಕಾಗದ

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ನಾವು ಸಾಹಿತಿಗಳಲ್ಲ, ವಿದ್ವಾಂಸರೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ಗುಮಾಸ್ತರು. ಹಿಂದೆ ಈ ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹಿರಿಯರಂತೆ, ನಾವೂ ಕಚೇರಿ ಮುಗಿಸಿಕೊಂಡು ರಾತ್ರಿಯ ತರಗತಿಯಲ್ಲಿ ಸಿ ಎಂಬ ಗಣಕಯಂತ್ರದ ಭಾಷೆಯನ್ನು ಕಲಿತವರು. ಅದರ ಫಲವಾಗಿ ಸಂಘದ ಸದಸ್ಯರ ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ನಮ್ಮ ಪಾಲಿಗೆ ಬಂತು. ಆ ಕೆಲಸದಲ್ಲಿ ಮಾಡಿದ ಎರಡು ತಪ್ಪುಗಳನ್ನೂ ಅವುಗಳಿಂದ ಕಲಿತ ಪಾಠವನ್ನೂ ಇಂದು ತಮ್ಮ ಮುಂದೆ ಇಡುತ್ತೇವೆ. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಇಲ್ಲಿ ಬಹುಮಂದಿ ಇದ್ದಾರೆ. ಅವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಮೊದಲ ವರ್ಷದ ಸದಸ್ಯತ್ವ ನವೀಕರಣದ ದಿನ. ಸಾಲಿನಲ್ಲಿ ಮಂಗಳೂರು ಕಡೆಯ ಒಬ್ಬ ತಾಯಿ ನಿಂತಿದ್ದರು. ಮನೆತನದ ಹೆಸರು ಡಿ’ಸೋಜ. ರಸೀದಿಯ ಹೆಸರನ್ನು ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿ. ಹಾಗೆ ಬರೆಯುವಾಗ ಡಿ ಆದ ಮೇಲೆ ತಲೆಯ ಹತ್ತಿರ ಒಂದು ಸಣ್ಣ ಗೀಟು ಬರುತ್ತದೆ. ಹೆಸರನ್ನು ಹೊಡೆದು ಗುಂಡಿ ಒತ್ತಿದೊಡನೆ ಯಂತ್ರ ‘ತಪ್ಪು’ ಎಂದಿತು. ಮೂರು ಸಲ ಹೊಡೆದೆವು, ಮೂರು ಸಲವೂ ಅದೇ ಮಾತು. ಸಾಲು ಬಾಗಿಲಿನ ತನಕ ಬೆಳೆಯಿತು. ಕಡೆಗೆ ಆ ಗೀಟನ್ನು ಬಿಟ್ಟು ಬರೆದು ರಸೀದಿ ಕೊಟ್ಟೆವು. ಅದನ್ನು ಓದಿ ಆ ತಾಯಿ ಹೇಳಿದರು: “ರೇಶನ್ ಕಾರ್ಡಿನಲ್ಲಿ ನನ್ನ ಹೆಸರು ಒಂದು ನಮೂನೆ, ಗ್ಯಾಸಿನ ಪುಸ್ತಕದಲ್ಲಿ ಇನ್ನೊಂದು ನಮೂನೆ. ನಮ್ಮ ಸಂಘದಲ್ಲಾದರೂ ಸರಿಯಾಗಿ ಬರೆಯಲಿಕ್ಕೆ ಆಗುವುದಿಲ್ಲವಾ ಮಾರಾಯರೇ?”

ಪರಊರಿನಲ್ಲಿ ನೆಲೆಸಿದ ನಮಗೆಲ್ಲ ಈ ಮಾತಿನ ನೋವು ಗೊತ್ತು. ನಮ್ಮ ಹೆಸರನ್ನು ಊರಿನವರು ತಮ್ಮ ನಾಲಿಗೆಗೆ ಬಂದಂತೆ ತಿರುಚುತ್ತಾರೆ, ನಾವು ಸುಮ್ಮನಿರುತ್ತೇವೆ. ಆದರೆ ಇಲ್ಲಿ ತಿರುಚಿದವರು ಸ್ವತಃ ನಾವೇ. ಅಂದು ರಾತ್ರಿಯೇ ಕಾರಣ ಹುಡುಕಲು ಕುಳಿತೆವು.

ಡೇಟಾಬೇಸಿಗೆ ಅಪ್ಪಣೆ ಕೊಡುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು; ಅದು 1970ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿತು. ಅದರಲ್ಲಿ ಹೆಸರು, ವಿಳಾಸ ಮೊದಲಾದವುಗಳನ್ನು ಎರಡು ಒಂಟಿ ಗೀಟುಗಳ ನಡುವೆ ಇಡಬೇಕೆಂಬುದು ನಿಯಮ. ನಾವು ಅಪ್ಪಣೆಯ ಮಾತನ್ನೂ ಸದಸ್ಯರ ಹೆಸರನ್ನೂ ಒಂದೇ ದಾರದಲ್ಲಿ ಪೋಣಿಸಿ ಕಳುಹಿಸುತ್ತಿದ್ದೆವು. ಡಿ ಆದೊಡನೆ ಗೀಟು ಕಂಡ ಯಂತ್ರ, ಹೆಸರು ಅಲ್ಲಿಗೆ ಮುಗಿಯಿತೆಂದು ಬಗೆದು, ಉಳಿದ ‘ಸೋಜ’ವನ್ನು ಅಪ್ಪಣೆಯೆಂದು ಓದಲು ಹೊರಟು ತಬ್ಬಿಬ್ಬಾಯಿತು.

ಒಳ್ಳೆಯವರ ಹೆಸರಿನಲ್ಲಿ ಇದು ಬರಿಯ ತೊಡಕು. ಕೆಟ್ಟವರ ಕೈಯಲ್ಲಿ ಇದೇ ಆಯುಧ. ಚೆಕ್ಕಿನಲ್ಲಿ ಮೊತ್ತದ ಹಿಂದೆ ಮುಂದೆ ಜಾಗ ಬಿಡಬೇಡಿ, ಕೊನೆಗೆ ‘ಮಾತ್ರ’ ಎಂದು ಬರೆದು ಗೆರೆ ಎಳೆಯಿರಿ ಎಂದು ನಾವು ಗಿರಾಕಿಗಳಿಗೆ ದಿನವೂ ಹೇಳುತ್ತೇವೆ. ಬಿಟ್ಟ ಜಾಗದಲ್ಲಿ ಮೋಸಗಾರ ತನ್ನ ಮಾತನ್ನು ಸೇರಿಸುತ್ತಾನೆ. ಸಹಿ ಮಾತ್ರ ನಿಮ್ಮದಾಗಿರುತ್ತದೆ. ಹಾಗೆಯೇ ಹೆಸರಿನ ಜಾಗದಲ್ಲಿ ಒಂದು ಗೀಟನ್ನೂ ಅದರ ಹಿಂದೆ ತನ್ನದೊಂದು ಅಪ್ಪಣೆಯನ್ನೂ ಬರೆದು, ಪಟ್ಟಿಯನ್ನೆಲ್ಲ ಓದುವ ಅಥವಾ ಅಳಿಸುವ ವಿದ್ಯೆಗೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. 1998ರಲ್ಲಿಯೇ ಫ್ರ್ಯಾಕ್ ಎಂಬ ಪತ್ರಿಕೆಯಲ್ಲಿ ಇದರ ವಿವರಣೆ ಬಂದಿತ್ತು. ಆದರೂ 2009ರಲ್ಲಿ ಅಮೆರಿಕದಲ್ಲಿ ಹೂಡಿದ ಒಂದು ಮೊಕದ್ದಮೆಯಲ್ಲಿ, ಇದೇ ದಾರಿಯಿಂದ 13 ಕೋಟಿಗೂ ಮೇಲ್ಪಟ್ಟು ಬ್ಯಾಂಕ್ ಕಾರ್ಡುಗಳ ಸಂಖ್ಯೆಗಳು ಕಳುವಾದವೆಂದು ಆರೋಪಪಟ್ಟಿಯಲ್ಲಿ ಬರೆಯಲಾಗಿತ್ತು. ಬ್ಯಾಂಕಿನವರಾದ ನಮಗೆ ಇದನ್ನು ಓದಿ ಎದೆ ಝಲ್ಲೆಂದಿತು.

ಇದಕ್ಕೆ ಮದ್ದು ಯಾವುದು? ನಮ್ಮ ಕೌಂಟರಿನ ಮೇಲೆಯೇ ಇತ್ತು: ಚಲನ್. ಬಿಳಿಯ ಕಾಗದದ ಮೇಲೆ ಬರೆದುಕೊಟ್ಟ ಪತ್ರದಲ್ಲಿ ಯಾವುದು ಹೆಸರು, ಯಾವುದು ಅಪ್ಪಣೆ ಎಂದು ಓದಿ ಊಹಿಸಬೇಕು. ಅಚ್ಚಿನ ಚಲನ್‌ನಲ್ಲಿ ಊಹೆಗೆ ಎಡೆಯಿಲ್ಲ. ಅಪ್ಪಣೆ ಮೊದಲೇ ಅಚ್ಚಾಗಿದೆ. ಹೆಸರಿನ ಮನೆಯಲ್ಲಿ ಯಾರು ಏನನ್ನೇ ಬರೆಯಲಿ, ‘ತಿಜೋರಿ ತೆರೆಯಿರಿ’ ಎಂದೇ ಬರೆಯಲಿ, ಅದು ಒಂದು ವಿಚಿತ್ರ ಹೆಸರಾದೀತೇ ಹೊರತು ಅಪ್ಪಣೆಯಾಗಲಾರದು. ಗಣಕಯಂತ್ರದಲ್ಲಿ ಇದಕ್ಕೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದು ಹೆಸರು. ಸ್ಟೇಟ್‌ಮೆಂಟ್ ಎಂದರೆ ಇಲ್ಲಿ ಬ್ಯಾಂಕಿನ ಖಾತೆಯ ವಿವರವಲ್ಲ, ಸಿದ್ಧಪಡಿಸಿಟ್ಟ ಅಪ್ಪಣೆ.

ನಾವು ಬಳಸುತ್ತಿದ್ದುದು ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ ಎಂಬವರು ಸಿ ಭಾಷೆಯಲ್ಲಿಯೇ ರಚಿಸಿ 2000ದಲ್ಲಿ ಹೊರತಂದ ಸಣ್ಣ ಡೇಟಾಬೇಸು. ಅದರಲ್ಲಿ ಈ ಕೆಲಸಕ್ಕೆ ಐದು ಮೆಟ್ಟಿಲು. ‘ಪ್ರಿಪೇರ್’ ಎಂದರೆ ಪ್ರಶ್ನೆಯ ಚಿಹ್ನೆಗಳನ್ನು ಖಾಲಿ ಮನೆಗಳಾಗಿ ಬಿಟ್ಟು ಅಪ್ಪಣೆಯನ್ನು ಅಚ್ಚು ಹಾಕುವುದು. ‘ಬೈಂಡ್’ ಎಂದರೆ ಮನೆ ತುಂಬುವುದು. ‘ಸ್ಟೆಪ್’ ಎಂದರೆ ನಡೆಸುವುದು. ‘ರೀಸೆಟ್’ ಎಂದರೆ ಅದೇ ಅಚ್ಚನ್ನು ಮತ್ತೊಮ್ಮೆ ಬಳಸಲು ಅಣಿಮಾಡುವುದು. ‘ಫೈನಲೈಸ್’ ಎಂದರೆ ಮುಗಿಸಿ ಜಾಗವನ್ನು ಹಿಂದಕ್ಕೆ ಕೊಡುವುದು. ಸಿ ಭಾಷೆಯಲ್ಲಿ ನಮ್ಮ ಹಿಂದೆ ಗುಡಿಸುವವರು ಯಾರೂ ಇಲ್ಲ, ಇದನ್ನು ನಾವೇ ಮಾಡಬೇಕು. ಇನ್ನೊಂದು ಲಾಭವೂ ಉಂಟು. ಐನೂರು ಸದಸ್ಯರನ್ನು ಸೇರಿಸುವಾಗ ಯಂತ್ರ ಐನೂರು ಸಲ ವ್ಯಾಕರಣ ಪರೀಕ್ಷಿಸಬೇಕಾಗಿಲ್ಲ. ಒಮ್ಮೆ ಪರೀಕ್ಷಿಸಿದರೆ ಸಾಕು.

ಇಷ್ಟು ತಿಳಿದು ಬೀಗಿದ ನಮಗೆ ಎರಡನೆಯ ಪೆಟ್ಟು ಬಿತ್ತು. ಅರುವತ್ತು ತುಂಬಿದ ಒಬ್ಬ ಹಿರಿಯರಿಗೆ ಅಭಿನಂದನೆ ಹೇಳಲು ಕಾರ್ಯದರ್ಶಿಗಳು ಪಟ್ಟಿ ನೋಡಿ ಫೋನು ಮಾಡಿದರೆ, ಎತ್ತಿಕೊಂಡವನು ಇನ್ನೂ ಮದುವೆಯಾಗದ ಇಪ್ಪತ್ತೆರಡರ ಯುವಕ! ಹಿರಿಯರು ಫೋನಿನ ಸಂಖ್ಯೆಯನ್ನೇ ಕೊಟ್ಟಿರಲಿಲ್ಲ. ಆದದ್ದು ಇಷ್ಟೆ: ‘ರೀಸೆಟ್’ ಮಾಡಿದ ಮಾತ್ರಕ್ಕೆ ಎಸ್‌ಕ್ಯೂಲೈಟಿನಲ್ಲಿ ಹಿಂದೆ ತುಂಬಿದ ಮನೆಗಳು ಖಾಲಿಯಾಗುವುದಿಲ್ಲ. ಸಂಖ್ಯೆ ಕೊಡದವರ ಮನೆಯನ್ನು ನಾವು ತುಂಬದೆ ಬಿಟ್ಟಿದ್ದೆವು. ಅಲ್ಲಿ ಹಿಂದಿನವನ ಸಂಖ್ಯೆ ಹಾಗೆಯೇ ಕುಳಿತಿತ್ತು. ‘ಕ್ಲಿಯರ್ ಬೈಂಡಿಂಗ್ಸ್’ ಎಂಬ ಬೇರೆ ಕರೆಯಿಂದ ಒರೆಸಬೇಕು, ಇಲ್ಲವೇ ಪ್ರತಿ ಮನೆಯನ್ನೂ ತಪ್ಪದೆ ತುಂಬಬೇಕು. ಮದ್ದು ಒಳ್ಳೆಯದೇ; ಪಥ್ಯ ತಪ್ಪಬಾರದು.

ಮುಂದೆ, ಪಟ್ಟಿಯನ್ನು ಶಾಖೆಗಳೂ ಬಳಸುವಂತಾಗಬೇಕೆಂದು ಕಾರ್ಯಕಾರಿ ಸಮಿತಿಯವರು ಬಯಸಿದರು. ಅದಕ್ಕೆ ಪೋಸ್ಟ್‌ಗ್ರೆಸ್‌ನಂತಹ ದೊಡ್ಡ ಡೇಟಾಬೇಸು ಬೇಕು. ಆದರೆ ಒಬ್ಬೊಬ್ಬರ ಚಲನ್ ಒಂದೊಂದು ರೀತಿ. ಮೈಎಸ್‌ಕ್ಯೂಎಲ್‌ನಲ್ಲಿ ಖಾಲಿ ಮನೆಗೆ ಪ್ರಶ್ನೆಯ ಚಿಹ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ಡಾಲರ್ ಗುರುತು ಹಾಕಿ ಒಂದು, ಎರಡು ಎಂಬ ಅಂಕೆ. ಒರೇಕಲ್‌ನಲ್ಲಿ ಎರಡು ಚುಕ್ಕೆಗಳ ಮುಂದೆ ಒಂದು ಹೆಸರು. ಡೇಟಾಬೇಸು ಬದಲಾದಾಗಲೆಲ್ಲ ಕಾರ್ಯಕ್ರಮವನ್ನು ಹೊಸದಾಗಿ ಬರೆಯುವುದು ಯಾರಿಂದಾದೀತು? ಬ್ಯಾಂಕುಗಳ ನಡುವೆ ಕ್ಲಿಯರಿಂಗ್ ಹೌಸ್ ಇರುವಂತೆ, ಎಲ್ಲ ಡೇಟಾಬೇಸುಗಳಿಗೂ ಒಂದೇ ಬಗೆಯ ಕರೆಗಳಿಂದ ವ್ಯವಹರಿಸುವ ಮಧ್ಯಸ್ಥ ಲೈಬ್ರರಿಗಳಿವೆ. ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಸಿದ್ಧ ಕರೆಗಳ ಗಂಟು.

ಆದರೆ ಮಧ್ಯಸ್ಥರೆಲ್ಲ ಒಂದೇ ತೂಕದವರಲ್ಲ. ಲಿಬ್‌ಡಿಬಿಐ ಎಂಬುದು ಪರ್ಲ್ ಭಾಷೆಯ ಡಿಬಿಐ ಎಂಬ ಲೈಬ್ರರಿಯ ಮಾದರಿಯಲ್ಲಿ ಕಟ್ಟಿದ್ದು, ಬಳಸಲು ಸುಲಭ. ಮೂಲದ ಡಿಬಿಐಯಲ್ಲಿ ‘ಪ್ರಿಪೇರ್’ ಉಂಟು, ಈ ಸಿ ಲೈಬ್ರರಿಯ ಕರೆಗಳಲ್ಲಿ ಅದಿಲ್ಲ. ಹೆಸರಿನೊಳಗಿನ ಗೀಟಿಗೆ ರಕ್ಷೆ ಕಟ್ಟಿಕೊಡುವ ಕರೆ ಇದೆ, ನಿಜ. ಆದರೆ ಅದು ಬಿಳಿಯ ಕಾಗದವನ್ನೇ ಎಚ್ಚರದಿಂದ ಬರೆದಂತೆ. ಒಂದು ಕಡೆ ಮರೆತರೆ ಕೆಟ್ಟೆವು. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿಯಲ್ಲಿ ಅಚ್ಚು ಹಾಕುವ, ಮನೆ ತುಂಬುವ, ನಡೆಸುವ ಕರೆಗಳು ಬೇರೆ ಬೇರೆಯಾಗಿವೆ. ಲಿನಕ್ಸ್‌ನಲ್ಲಿ ಯುನಿಕ್ಸ್‌ಓಡಿಬಿಸಿಯಿಂದ ಅದೇ ಸೌಕರ್ಯ ದೊರೆಯುತ್ತದೆ. ಲಿಬ್‌ಝಡ್‌ಡಿಬಿ ಎಂಬುದರಲ್ಲಿಯೂ ಇದಕ್ಕೆ ನೇರವಾದ ಕರೆಗಳಿವೆ. ನಾವು ಪ್ರಶ್ನೆಯ ಚಿಹ್ನೆ ಬರೆದರೆ ಪೋಸ್ಟ್‌ಗ್ರೆಸ್‌ಗೆ ಬೇಕಾದ ಡಾಲರ್ ಗುರುತನ್ನು ಅದೇ ಹಾಕಿಕೊಳ್ಳುತ್ತದೆ. ನಾವು ಓಡಿಬಿಸಿಯನ್ನು ಆರಿಸಿಕೊಂಡೆವು. ಖಜಾಂಚಿಗಳು ಎಕ್ಸೆಲ್‌ನಿಂದಲೂ ಅದೇ ದಾರಿಯಲ್ಲಿ ಪಟ್ಟಿಯನ್ನು ನೋಡಬಹುದು ಎಂಬುದೇ ಕಾರಣ.

ಯುವಕರಿಗೆ ಮೂರು ಎಚ್ಚರಿಕೆಗಳು. ಒಂದು: ಹೊರಗೆ ಚಲನ್ ತೋರಿಸಿ, ಒಳಗೆ ತಾನೇ ಎಲ್ಲವನ್ನೂ ಪೋಣಿಸಿ ಕಳುಹಿಸುವ ಚಾಲಕಗಳೂ ಇವೆ. ಪೋಸ್ಟ್‌ಗ್ರೆಸ್‌ನ ಓಡಿಬಿಸಿ ಚಾಲಕದಲ್ಲಿ ಅಪ್ಪಣೆಯನ್ನು ಸರ್ವರಿನಲ್ಲಿಯೇ ಸಿದ್ಧಪಡಿಸಬೇಕೇ ಎಂಬ ಆಯ್ಕೆಯೇ ಉಂಟು; ಅದನ್ನು ನೋಡಿಕೊಳ್ಳಿರಿ. ಎರಡು: ಓಡಿಬಿಸಿಯಲ್ಲಿ ಮನೆ ತುಂಬುವ ಕರೆ ಹೆಸರನ್ನು ನಕಲು ಮಾಡಿಕೊಳ್ಳುವುದಿಲ್ಲ, ಅದು ಇರುವ ವಿಳಾಸವನ್ನು ಮಾತ್ರ ಗುರುತು ಹಾಕಿಕೊಳ್ಳುತ್ತದೆ, ಓದುವುದು ನಡೆಸುವ ಹೊತ್ತಿನಲ್ಲಿ. ಅಷ್ಟರೊಳಗೆ ಆ ಜಾಗದಲ್ಲಿ ಬೇರೆ ಏನಾದರೂ ಬಂದಿದ್ದರೆ ಅದೇ ಪಟ್ಟಿ ಸೇರುತ್ತದೆ. ಮೂರು: ಬೆಲೆಗಳನ್ನು ತುಂಬಬಹುದೇ ಹೊರತು ಪಟ್ಟಿಯ ಹೆಸರನ್ನಾಗಲಿ ಕಾಲಮ್ಮಿನ ಹೆಸರನ್ನಾಗಲಿ ಖಾಲಿ ಮನೆಯಲ್ಲಿ ತುಂಬಲಾಗದು. ಹೆಸರಿನ ಕ್ರಮವೋ ಊರಿನ ಕ್ರಮವೋ ಎಂಬ ಆಯ್ಕೆಯನ್ನು ಕಾರ್ಯಕ್ರಮದಲ್ಲಿಯೇ ಮೊದಲೇ ಬರೆದಿಟ್ಟ ಕೆಲವು ಕ್ರಮಗಳಿಂದ ಮಾಡಬೇಕು. ಬಳಸುವವರು ಹೊಡೆದ ಮಾತನ್ನು ಅಪ್ಪಣೆಗೆ ಅಂಟಿಸಬಾರದು.

ಇನ್ನು ನಮ್ಮ ಮಾತನ್ನು ಮುಗಿಸುತ್ತೇವೆ. ಅಪ್ಪಣೆ ಅಪ್ಪಣೆಯಾಗಿರಲಿ, ಹೆಸರು ಹೆಸರಾಗಿರಲಿ. ಎರಡನ್ನೂ ಬೆರೆಸಬಾರದು ಎಂಬುದಿಷ್ಟೇ ನಾವು ಕಲಿತ ಪಾಠ. ಮರುವರ್ಷದ ನವೀಕರಣದ ದಿನ ಅದೇ ತಾಯಿ ಬಂದರು. ಹೆಸರನ್ನು ಗೀಟು ಸಮೇತ ಹೊಡೆದೆವು. ಯಂತ್ರ ಕಮಕ್ ಎನ್ನದೆ ಒಪ್ಪಿಕೊಂಡಿತು. ಅವರು ಕನ್ನಡಕ ಏರಿಸಿ ರಸೀದಿಯನ್ನು ಎರಡು ಸಲ ಓದಿ, ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡು, “ಈಗ ಸರಿ ಉಂಟು” ಎಂದರು. ನಮ್ಮ ರಾತ್ರಿಯ ತರಗತಿಯ ಫೀಸು ಆ ಹೊತ್ತಿಗೆ ಬಡ್ಡಿಸಹಿತ ತೀರಿತು.