ಇಂಧನದ ಲೆಕ್ಕ, ವಿಮಾನದ ಕ್ಷೇಮ

ವಿಮಾನಯಾನವು ಇಂದು ಕೆಲವೇ ಸಿರಿವಂತರ ಸೌಲಭ್ಯವಾಗಿ ಉಳಿದಿಲ್ಲ. ಹೈದರಾಬಾದಿನ ಬೇಗಂಪೇಟೆಯಲ್ಲಿದ್ದ ಪ್ರಯಾಣಿಕ ವಿಮಾನ ಸಂಚಾರವು 2008ರ ಮಾರ್ಚ್ ತಿಂಗಳಲ್ಲಿ ಶಂಶಾಬಾದಿನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸ್ಥಳಾಂತರಗೊಂಡಿತು. ಬೀದರ್, ರಾಯಚೂರು, ಯಾದಗಿರಿ ಕಡೆಯ ಅನೇಕ ಕನ್ನಡಿಗರೂ ದೂರದ ಪ್ರಯಾಣಕ್ಕೆ ಈ ನಿಲ್ದಾಣವನ್ನು ಬಳಸುತ್ತಾರೆ. ಅಲ್ಲಿಂದ ಹೊರಡುವ ವಿಮಾನಗಳಲ್ಲಿ ಹೆಚ್ಚಿನವು ಎರಡು ಎಂಜಿನ್ನುಗಳವು. ಅವುಗಳ ಇಂಧನವನ್ನು ಹೇಗೆ ಸಂಗ್ರಹಿಸಿ, ಹೇಗೆ ಹಂಚಿ ಬಳಸಲಾಗುತ್ತದೆ ಎಂಬುದನ್ನು ಪ್ರಯಾಣಿಕರು ಅರಿತಿರುವುದು ಉಪಯುಕ್ತ.

ಏರ್‌ಬಸ್ 320 ಅಥವಾ ಬೋಯಿಂಗ್ 737ರಂತಹ ವಿಮಾನದಲ್ಲಿ ಇಂಧನವು ಒಂದೇ ಕಡೆ ಇರುವುದಿಲ್ಲ. ಎರಡು ರೆಕ್ಕೆಗಳ ಒಳಗೆ ಟ್ಯಾಂಕುಗಳಿರುತ್ತವೆ. ಒಡಲಿನ ನಡುಭಾಗದಲ್ಲಿ ಮತ್ತೊಂದು ಟ್ಯಾಂಕು ಇರುತ್ತದೆ. ಸಾಮಾನ್ಯವಾಗಿ ಮೊದಲು ತುಂಬುವುದು ರೆಕ್ಕೆಗಳನ್ನು. ಹಾರಾಟದಲ್ಲಿ ಮೊದಲು ಬರಿದಾಗುವುದು ನಡುವಿನ ಟ್ಯಾಂಕು. ಇದಕ್ಕೆ ಕಾರಣವುಂಟು. ಹಾರುವಾಗ ಗಾಳಿಯು ರೆಕ್ಕೆಗಳನ್ನು ಮೇಲಕ್ಕೆ ಬಾಗಿಸುತ್ತದೆ. ರೆಕ್ಕೆಯೊಳಗಿನ ಇಂಧನದ ಭಾರವು ಅದನ್ನು ಕೆಳಕ್ಕೆ ಒತ್ತಿ, ಬುಡದ ಮೇಲೆ ಬೀಳುವ ಒತ್ತಡವನ್ನು ಕಡಿಮೆ ಮಾಡುತ್ತದೆ.

ಎಡ ಎಂಜಿನ್ನಿಗೆ ಎಡ ರೆಕ್ಕೆಯಿಂದ, ಬಲ ಎಂಜಿನ್ನಿಗೆ ಬಲ ರೆಕ್ಕೆಯಿಂದ ಇಂಧನ ಹರಿಯುವುದು ವಾಡಿಕೆ. ಒಂದರ ದೋಷ ಇನ್ನೊಂದನ್ನು ತಟ್ಟಬಾರದೆಂಬುದೇ ಈ ಏರ್ಪಾಡಿನ ಉದ್ದೇಶ. ಆದರೆ ಒಂದು ಎಂಜಿನ್ ನಿಂತರೆ ಆ ಬದಿಯ ಇಂಧನ ವ್ಯರ್ಥವಾಗಬಾರದು. ಒಂದು ಬದಿ ಹೆಚ್ಚು ಭಾರವಾಗಿಯೂ ಉಳಿಯಬಾರದು. ಆದುದರಿಂದ ಎರಡು ಬದಿಗಳನ್ನು ಜೋಡಿಸುವ ಕೊಳವೆಯನ್ನೂ ಅದಕ್ಕೊಂದು ಕವಾಟವನ್ನೂ ಇರಿಸಲಾಗಿದೆ. ಈ ಕವಾಟವು ಆಪತ್ತಿನಲ್ಲಿ ನೆರವಾಗುತ್ತದೆ. ವಿಚಾರಿಸದೆ ತೆರೆದರೆ ಅದೇ ಆಪತ್ತಿಗೆ ದಾರಿಯಾಗುತ್ತದೆ.

2001ರ ಆಗಸ್ಟ್ 24ರಂದು ನಡೆದ ಘಟನೆ ಇದಕ್ಕೆ ನಿದರ್ಶನ. ಕೆನಡಾದ ಟೊರಾಂಟೊದಿಂದ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೊರಟಿದ್ದ ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ 330 ವಿಮಾನದಲ್ಲಿ 306 ಮಂದಿ ಇದ್ದರು. ಬಲ ಎಂಜಿನ್ನಿಗೆ ಹೊಂದದ ಬಿಡಿಭಾಗವೊಂದನ್ನು ಅಳವಡಿಸಲಾಗಿತ್ತು. ಅದರಿಂದ ಕೊಳವೆಗಳು ಒಂದಕ್ಕೊಂದು ತಿಕ್ಕಿ, ಇಂಧನದ ಕೊಳವೆ ಸೀಳಿತ್ತು. ಎರಡು ಬದಿಗಳ ಇಂಧನ ಸಮವಾಗಿಲ್ಲವೆಂಬ ಸೂಚನೆ ಕಂಡಾಗ ಚಾಲಕರು ಕೈಪಿಡಿಯನ್ನು ತೆರೆಯದೆ, ನೆನಪಿನ ಆಧಾರದಿಂದಲೇ ಜೋಡಣೆಯ ಕವಾಟವನ್ನು ತೆರೆದರು. ಎಡಬದಿಯ ಒಳ್ಳೆಯ ಇಂಧನವೂ ಸೋರುತ್ತಿದ್ದ ಬದಿಗೆ ಹರಿದುಹೋಯಿತು. ಎರಡು ಎಂಜಿನ್ನುಗಳೂ ನಿಂತವು. ಸುಮಾರು 19 ನಿಮಿಷ ಎಂಜಿನ್ನಿಲ್ಲದೆ ತೇಲಿಬಂದ ವಿಮಾನವು ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಸಮೂಹದ ಲಾಜೆಸ್ ನೆಲೆಯಲ್ಲಿ ಇಳಿಯಿತು. ಎಲ್ಲರ ಪ್ರಾಣವೂ ಉಳಿಯಿತು.

ಈ ಘಟನೆಯ ಪಾಠ ಸರಳವಾದುದು. ಒಂದು ಬದಿ ಏಕೆ ಕಡಿಮೆಯಾಯಿತು ಎಂಬುದನ್ನು ತಿಳಿಯದೆ ಇನ್ನೊಂದು ಬದಿಯಿಂದ ತುಂಬಬಾರದು. ಹೊರಟಾಗ ಇದ್ದ ಇಂಧನದಿಂದ ಎಂಜಿನ್ನುಗಳು ಬಳಸಿದ ಪ್ರಮಾಣವನ್ನು ಕಳೆದರೆ ಬರುವ ಮೊತ್ತವು ಟ್ಯಾಂಕುಗಳಲ್ಲಿ ಉಳಿದಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಸೋರಿಕೆಯನ್ನು ಶಂಕಿಸಬೇಕು. ಹಾರಾಟದ ಉದ್ದಕ್ಕೂ ಚಾಲಕರು ಈ ಲೆಕ್ಕವನ್ನು ಮತ್ತೆ ಮತ್ತೆ ಪರಿಶೀಲಿಸುವುದು ಇದಕ್ಕಾಗಿಯೇ.

ಅಳತೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆ ಅಗತ್ಯ. ಇಂಧನದ ಗಾತ್ರ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ, ತೂಕ ಬದಲಾಗದು. ಒಂದು ಲೀಟರ್ ವಿಮಾನ ಇಂಧನದ ತೂಕ ಸುಮಾರು 0.8 ಕಿಲೋಗ್ರಾಂ. 1983ರಲ್ಲಿ ಕೆನಡಾದ ಬೋಯಿಂಗ್ 767 ವಿಮಾನವೊಂದಕ್ಕೆ ಇಂಧನ ತುಂಬುವಾಗ ಕಿಲೋಗ್ರಾಂ ಲೆಕ್ಕದ ಬದಲು ಪೌಂಡ್ ಲೆಕ್ಕದ ಗುಣಕವನ್ನು ಬಳಸಲಾಯಿತು. ಬೇಕಾದುದರ ಅರ್ಧಕ್ಕೂ ಕಡಿಮೆ ಇಂಧನದೊಂದಿಗೆ ಹೊರಟ ಆ ವಿಮಾನವು ನಡುದಾರಿಯಲ್ಲಿ ಎಂಜಿನ್ ನಿಂತು, ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಬೇಕಾಯಿತು.

ಗಮ್ಯಸ್ಥಾನವನ್ನು ಮುಟ್ಟುವಷ್ಟು ಇಂಧನವಿದ್ದರೆ ಸಾಲದು. ಅನಿರೀಕ್ಷಿತ ವೆಚ್ಚಕ್ಕೆ, ಬದಲಿ ನಿಲ್ದಾಣ ತಲುಪುವುದಕ್ಕೆ, ಅದರ ಮೇಲೆ ಕೊನೆಯ ಮೀಸಲಾಗಿ 30 ನಿಮಿಷಗಳ ಹಾರಾಟಕ್ಕೆ ಜೆಟ್ ವಿಮಾನದಲ್ಲಿ ಇಂಧನ ಇರಲೇಬೇಕು. ಶಂಶಾಬಾದಿನ ಮೇಲೆ ಮಳೆಮೋಡ ಕವಿದಾಗ ವಿಮಾನವು ಬೆಂಗಳೂರಿಗೋ ನಾಗಪುರಕ್ಕೋ ತಿರುಗಿದರೆ ಪ್ರಯಾಣಿಕರಿಗೆ ಬೇಸರವಾಗುವುದು ಸಹಜ. ಆದರೆ ಮೀಸಲು ಇಂಧನವನ್ನು ಮುಟ್ಟದೆ ಇಳಿಯಬೇಕೆಂಬ ಕರ್ತವ್ಯವೇ ಅನೇಕ ವೇಳೆ ಆ ನಿರ್ಧಾರದ ಹಿಂದಿರುತ್ತದೆ. ಇಂಧನ ತುಂಬುವಾಗ ಆಸನದ ಪಟ್ಟಿ ಕಟ್ಟಬೇಡಿರೆಂದು ಸಿಬ್ಬಂದಿ ಸೂಚಿಸಿದರೆ ಅದನ್ನು ಪಾಲಿಸಬೇಕು; ತುರ್ತಿನಲ್ಲಿ ಬೇಗನೆ ಹೊರಬರಲು ಅದು ನೆರವಾಗುತ್ತದೆ. ತಡವಾಗಿ ತಲುಪಿದರೂ ಕ್ಷೇಮವಾಗಿ ತಲುಪುವುದೇ ಪ್ರಯಾಣದ ಸಾರ್ಥಕತೆ.