ಮಸಿಕುಡಿಕೆಯ ಪಾಠ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದು ಲೇಖನಿಯೆಂದರೆ ಅಂಗಡಿಯಲ್ಲಿ ಕೊಂಡು, ಮುಗಿದೊಡನೆ ಬಿಸುಡುವ ವಸ್ತುವಾಗಿದೆ. ಅದರೊಳಗಿನ ಮಸಿ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಮಸಿಯನ್ನು ಮನೆಯಲ್ಲಿಯೇ ಕಾಯಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದಕ್ಕೆ ಒದಗುವ ಅಳಲೆಕಾಯಿ ನಮ್ಮ ತಾಳವಾಡಿಯ ಸುತ್ತಣ ಬೆಟ್ಟಗಳಲ್ಲಿಯೇ ಬೆಳೆಯುತ್ತದೆ.

ಅಳಲೆಕಾಯಿಯನ್ನು ಕಚ್ಚಿದವರಿಗೆ ಅದರ ಒಗರು ಗೊತ್ತು. ಆ ಒಗರೇ ಮಸಿಯ ಮೂಲ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯ ಅಲಗು ಕಪ್ಪಾಗುವುದನ್ನು ತಾಯಂದಿರು ಕಂಡಿದ್ದಾರೆ. ಒಗರೂ ಕಬ್ಬಿಣವೂ ಕೂಡಿ ಗಾಳಿ ತಾಗಿದರೆ ಕಪ್ಪು ಹುಟ್ಟುತ್ತದೆ. ಅಡುಗೆಮನೆಯಲ್ಲಿ ಕರೆಯಾದುದೇ ಮಸಿಕುಡಿಕೆಯಲ್ಲಿ ಅಕ್ಷರವಾಗುತ್ತದೆ.

ಮಾಡುವ ಕ್ರಮ ಸುಲಭ. ಒಣಗಿದ ಅಳಲೆಕಾಯಿಯ ಸಿಪ್ಪೆಯನ್ನು ಜಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಡಬೇಕು. ಮರುದಿನ ಆ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಬಟ್ಟೆಯಲ್ಲಿ ಸೋಸಬೇಕು. ಗ್ರಂಧಿಗೆ ಅಂಗಡಿಯ ಅನ್ನಭೇದಿಯನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿ, ಕೊನೆಗೆ ಜಾಲಿಯ ಗೋಂದನ್ನು ಕರಗಿಸಬೇಕು. ಬರೆದಾಗ ಪೇಲವವಾಗಿ ಕಾಣುವ ಗೆರೆ ಗಾಳಿಯಲ್ಲಿ ಕ್ರಮೇಣ ಕಪ್ಪೇರುತ್ತದೆ. ಅನ್ನಭೇದಿ ಮಿತಿಮೀರಿದರೆ ಮಾತ್ರ ಕಾಲಾಂತರದಲ್ಲಿ ಮಸಿಯೇ ಕಾಗದವನ್ನು ತಿನ್ನುತ್ತದೆ. ಶ್ರೀಕಾಳಹಸ್ತಿಯ ಕಲಮ್‌ಕಾರಿ ಕುಶಲಿಗಳು ಅಳಲೆಯ ಕಷಾಯ ಹಿಡಿಸಿದ ಬಟ್ಟೆಯ ಮೇಲೆ, ಬೆಲ್ಲದ ನೀರಿನಲ್ಲಿ ಕಬ್ಬಿಣವನ್ನು ಹುದುಗಿಸಿ ಪಡೆದ ದ್ರವದಿಂದ ಕಪ್ಪು ಗೆರೆ ಬರೆಯುವುದೂ ಇದೇ ತತ್ತ್ವದಿಂದ.

ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಬಿದ್ದರೆ ನೇರಳೆ. ಇವು ನೋಡಲು ಚೆಲುವಾದರೂ ಬಿಸಿಲಿಗೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಏಳುವ ಒಂದು ಜಾತಿಯ ಅಣಬೆಯಂತೂ ಬೇಗನೆ ತಾನಾಗಿಯೇ ಕರಗಿ ಕಪ್ಪು ದ್ರವವಾಗುತ್ತದೆ. ಅದರಿಂದಲೂ ಬರೆಯಬಹುದು.

ಮಕ್ಕಳೇ, ಮೂರು ಎಚ್ಚರಿಕೆಗಳನ್ನು ಮರೆಯಬೇಡಿ. ಬಣ್ಣಕ್ಕೆಂದು ತಂದ ಅಣಬೆಯನ್ನಾಗಲಿ, ಕಾಯನ್ನಾಗಲಿ ಬಾಯಿಗಿಡಕೂಡದು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜವನ್ನು ಮುಟ್ಟಲೇಕೂಡದು. ಅದರ ರಸ ಚರ್ಮವನ್ನು ಸುಟ್ಟು ಬೊಕ್ಕೆ ಎಬ್ಬಿಸುತ್ತದೆ. ಹಿರಿಯರಿಲ್ಲದೆ ಕಾಡಿಗೆ ಕಾಲಿಡುವುದೂ ಸಲ್ಲದು. ಮನೆಯಂಗಳದ ನೆಲ್ಲಿ, ಹೊಲದ ಬದುವಿನ ತಂಗಡಿ ಇವುಗಳಲ್ಲಿಯೂ ಒಗರಿದೆ.

ತಾಯ್ತಂದೆಗಳಲ್ಲಿ ನಮ್ಮದೊಂದು ಬಿನ್ನಹವುಂಟು. ಅಳಲೆಯನ್ನು ತಮಿಳಿನಲ್ಲಿ ಕಡುಕ್ಕಾಯ್ ಎನ್ನುತ್ತಾರೆ. ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಎರಡು ಹೆಸರನ್ನೂ ಅರಿತರೆ ಅದು ಸಂಪತ್ತು. ಎರಡನ್ನೂ ಅರಿಯದೆ, ಕಣ್ಣೆದುರಿನ ಮರವನ್ನು ಬರಿದೇ ಮರವೆಂದು ಕರೆದರೆ ಅದು ಬಡತನ. ಪುಸ್ತಕದ ಕನ್ನಡವನ್ನು ನಾವು ಶಾಲೆಯಲ್ಲಿ ಕಲಿಸಬಲ್ಲೆವು. ಗಿಡ, ಬಳ್ಳಿ, ಕಾಯಿಗಳ ಕನ್ನಡ ನಿಮ್ಮ ಬಾಯಲ್ಲಿದೆ. ಒಗರು, ಕರೆ, ಕಷಾಯ, ಅಂಟು ಎಂಬ ಮಾತುಗಳು ಕೆಲಸ ಮಾಡುವ ಕೈಗಳ ನಡುವೆ ಬಾಳುತ್ತವೆ. ಕೆಲಸ ನಿಂತರೆ ಮಾತೂ ಮೌನವಾಗುತ್ತದೆ.

ಆದುದರಿಂದ ಈ ವರ್ಷ ಪ್ರತಿಯೊಂದು ಮನೆಯಲ್ಲಿಯೂ ಒಂದು ಕುಡಿಕೆ ಮಸಿಯನ್ನು ಹಿರಿಯರೂ ಕಿರಿಯರೂ ಕೂಡಿ ಕಾಯಿಸಿರಿ. ಆ ಮಸಿಯಲ್ಲಿ ಮಗು ನಿಮ್ಮ ಹೊಲದ ಹತ್ತು ಗಿಡಗಳ ಹೆಸರನ್ನು ಬರೆದು ತರಲಿ. ಆ ಹಾಳೆಗಳನ್ನು ನಾವು ಶಾಲೆಯಲ್ಲಿ ಜೋಪಾನವಾಗಿ ಕಾದಿರಿಸುತ್ತೇವೆ.